‘ಸಿಟಿ ಟ್ರಾಫಿಕ್ ಇಲ್ಲದ ರೂಟ್’ ಅಂತ ಹಣ ಕೊಟ್ಟು ಫೈಲ್ ತಗೊಳ್ಳುವವರೇ, ಹೊರಡುವ ಮುಂಚೆ ಅದನ್ನು ಬಿಚ್ಚಿ ನೋಡಿ

ಎರಡು ದಿನದ ದಾರಿ, ಹೆಚ್ಚುಕಡಿಮೆ 1,100 ಕಿ.ಮೀ., ನಡುವೆ ಮೂರು ದೊಡ್ಡ ನಗರ. ಹಣಕ್ಕೆ ರೂಟ್ ಹಾಕಿಕೊಡುವವರನ್ನು ಕೇಳಿದ್ದು ಒಂದೇ ಒಂದು: ಮೂರರ ಒಳಗೂ ಕಾಲಿಡಬಾರದು, ಕಿಲೋಮೀಟರ್ ಹೆಚ್ಚಾದರೂ ಪರವಾಗಿಲ್ಲ. ಮೆಸೇಜಿನಲ್ಲೇ ಕೇಳಿದ್ದು, ಅವರೂ ಮೆಸೇಜಿನಲ್ಲೇ ಒಪ್ಪಿದ್ದು. "ಖಂಡಿತ ಸರ್, ನೂರಕ್ಕೆ ನೂರು ಸಿಟಿ ಫ್ರೀ ರೂಟ್ ಕೊಡ್ತೀವಿ." ಹಣ ಪೂರ್ತಿ ಮುಂಗಡ. ಕೈಗೆ ಬಂದಿದ್ದು 12 ಪುಟದ ಪಿಡಿಎಫ್, ಒಂದು ಜಿಪಿಎಕ್ಸ್ ಫೈಲ್ (ದಾರಿಯ ಬಿಂದುಗಳನ್ನು ಬರೆದಿಟ್ಟ, ಮ್ಯಾಪ್ ಆಪಿನಲ್ಲಿ ತೆರೆಯುವ ಫೈಲ್), ನಗರಕ್ಕೊಂದರಂತೆ ಮೂರು ಸ್ಕ್ರೀನ್‌ಶಾಟ್. ಆ ಮೂರರಲ್ಲಿ ಎರಡು ನಗರಗಳ ನಟ್ಟನಡುವೆ ಗಾಡಿ ಹೊಕ್ಕಿತು. ಮತ್ತೆ ಹೇಳ್ತೀನಿ, ಅಂಚಿಗೆ ತಾಗಿಕೊಂಡು ಹೋಗಿದ್ದಲ್ಲ, ನಟ್ಟನಡುವೆ.

ಮೊದಲನೇ ನಗರ ತಪ್ಪಿತಲ್ಲ, ಅದರಲ್ಲೂ ಅವರ ಫೈಲಿನ ಪಾತ್ರ ಏನೂ ಇಲ್ಲ. ರಸ್ತೆ ಪಕ್ಕದ ಬೋರ್ಡ್ ನೋಡಿ ಬೈಪಾಸಿಗೆ ಹೊರಳಿದ್ದರಿಂದ ತಪ್ಪಿತು. ಬೈಪಾಸ್ ಉದ್ದಕ್ಕೂ ಫೋನ್ ಮಾತ್ರ "ಯೂ ಟರ್ನ್ ತೆಗೆದುಕೊಳ್ಳಿ" ಅಂತ ಬಡಕೊಳ್ಳುತ್ತಲೇ ಇತ್ತು. ಆಗಲೇ ಅನುಮಾನ ಬರಬೇಕಿತ್ತು. ಬರಲಿಲ್ಲ. ಹಣ ತಗೊಂಡು ಮಾಡಿಕೊಟ್ಟವರಿಗೆ ನಮಗಿಂತ ಹೆಚ್ಚು ಗೊತ್ತಿರುತ್ತೆ ಅನ್ನೋ ನಂಬಿಕೆ.

ಎರಡನೇ ನಗರ ಹತ್ತಿರ ಬಂದಾಗ ಸಂಜೆ 5:20. ಎಡಕ್ಕೆ ಬೈಪಾಸ್ ಕಣ್ಣಿಗೆ ಕಾಣ್ತಾ ಇದೆ, ಫೋನ್ ನೇರ ಹೋಗಿ ಅನ್ನುತ್ತೆ. ನೇರ ಹೋದರೆ ಸಿಗ್ನಲ್, ಇನ್ನೊಂದು ಸಿಗ್ನಲ್, ಬಸ್ ನಿಲ್ದಾಣ, ಮಾರುಕಟ್ಟೆ. 14 ಕಿ.ಮೀ. ದಾಟಲು 1 ಗಂಟೆ 50 ನಿಮಿಷ. ಅದರ ಮಧ್ಯೆ ಮಾರುಕಟ್ಟೆ ಹಿಂದಿನ ಒಂದು ಏಕಮುಖ ಓಣಿ, ಎರಡೂ ಕಡೆ ಸಾಮಾನು ಇಳಿಸ್ತಾ ನಿಂತಿರೋ ಗಾಡಿಗಳು, ಹಿಂದೆ ಹಾರ್ನ್. ಆಗ ಆ ಫೋನ್ ಹೇಳಿದ್ದೇನು ಗೊತ್ತಾ? "ನಿಮ್ಮ ಸ್ಥಳವನ್ನು ತಲುಪಿದ್ದೀರಿ." ಆ ಓಣಿಯಲ್ಲಿ! ‘ಸಿಟಿ ಫ್ರೀ’ ಅಂತ ಹೆಸರಿಟ್ಟ ಫೈಲಿನ ಒಂದು ನಿಲುಗಡೆಯೇ ಅದು. ಆ ಮಾತು ಕೇಳಿದ ಕ್ಷಣ ಮುಖಕ್ಕೆ ರಕ್ತ ಏರಿತು. ದಾರಿ ತಪ್ಪಿ ಅಲ್ಲಿಗೆ ಬಂದದ್ದಲ್ಲ, ಕರೆತರಬೇಕಾದ ಕಡೆಗೇ ಫೈಲ್ ಕರೆತಂದಿತ್ತು.

ರಾತ್ರಿ ಫೈಲನ್ನು ಮಾಮೂಲಿ ಟೆಕ್ಸ್ಟ್ ಎಡಿಟರಿನಲ್ಲಿ ತೆರೆದಾಗ ಎಲ್ಲ ಬಯಲಾಯಿತು. ಇದನ್ನು ಹೊರಡುವ ಮುಂಚೆ ಮಾಡಿದ್ದರೆ ಐದು ನಿಮಿಷದ ಕೆಲಸ. 1,100 ಕಿ.ಮೀ.ಗೆ ಆ ಫೈಲಿನಲ್ಲಿ ಇದ್ದದ್ದು ಒಟ್ಟು 6 ಬಿಂದು. ಹೊರಡುವ ಜಾಗ ಒಂದು, ಸೇರುವ ಜಾಗ ಒಂದು, ನಡುವೆ ನಾಲ್ಕು. ಆ ನಾಲ್ಕರಲ್ಲಿ ಎರಡು ನಗರಗಳ ಹೆಸರೇ. ನಗರದ ಹೆಸರನ್ನು ಮ್ಯಾಪಿನಲ್ಲಿ ಟೈಪ್ ಮಾಡಿದರೆ ಪಿನ್ ಎಲ್ಲಿ ಬೀಳುತ್ತೆ? ಊರಿನ ಹೃದಯಭಾಗದಲ್ಲಿ. ಯಾವ ಊರನ್ನು ತಪ್ಪಿಸಬೇಕೋ ಅದರ ಹೆಸರನ್ನೇ ನಿಲುಗಡೆ ಅಂತ ಹಾಕಿ ಕಳಿಸಿದ್ದಾರೆ! ಸಾಲದ್ದಕ್ಕೆ ಅಕ್ಷಾಂಶ ರೇಖಾಂಶಗಳಿಗೆ ದಶಮಾಂಶದ ಮುಂದೆ ಎರಡೇ ಅಂಕಿ. ಅಕ್ಷಾಂಶದಲ್ಲಿ 0.01 ಡಿಗ್ರಿ ಅಂದರೆ ನೆಲದ ಮೇಲೆ ಸುಮಾರು 1.1 ಕಿ.ಮೀ. ಎರಡೇ ಅಂಕಿಗೆ ಕತ್ತರಿಸಿದರೆ ಹೆದ್ದಾರಿ ಮೇಲೆ ಇಡಬೇಕಾದ ಪಿನ್ ಕೂಡ ಪಕ್ಕದ ಓಣಿಗೆ ಹೋಗಿ ಕೂರುತ್ತೆ. ಐದು ಅಂಕಿ ಇದ್ದರೆ ಒಂದು ಮೀಟರಿನ ಆಸುಪಾಸು. ರಸ್ತೆ ಕೆಲಸಕ್ಕೆ ಅಷ್ಟು ಬೇಕು.

ಜಿಪಿಎಕ್ಸ್ ಅಂತ ಹೆಸರಿದ್ದ ಮಾತ್ರಕ್ಕೆ ನಂಬಬೇಡಿ. ಅದರೊಳಗೆ ‘ಟ್ರ್ಯಾಕ್’ ಇರಬಹುದು, ‘ರೂಟ್’ ಇರಬಹುದು. ಟ್ರ್ಯಾಕ್ ಅಂದರೆ ದಾರಿಯ ಗೆರೆಯೇ. ತಿರುವು ತಿರುವಿಗೂ ಬಿಂದು ಇರುತ್ತೆ, ಇಷ್ಟು ದೂರಕ್ಕೆ ಸಾವಿರಾರು ಬಿಂದು. ರೂಟ್ ಅಂದರೆ ಬೆರಳೆಣಿಕೆಯ ಬಿಂದುಗಳು, ನಡುವಿನ ದಾರಿಯನ್ನು ನಿಮ್ಮ ಆಪ್ ತನ್ನಿಷ್ಟದಂತೆ ಲೆಕ್ಕ ಹಾಕಿಕೊಳ್ಳುತ್ತೆ. ಒಂದೇ ರೂಟ್ ಫೈಲ್ ಎರಡು ಫೋನಿನಲ್ಲಿ ಎರಡು ದಾರಿ ತೋರಿಸೋದು ಇದಕ್ಕೇ. ಇವರು ಕೊಟ್ಟಿದ್ದು ಎರಡನೇ ಬಗೆ. ಟ್ರ್ಯಾಕ್ ಕೇಳಿ ತಗೊಳ್ಳಿ, ಗೆರೆಯನ್ನು ಹಾಗೇ ಹಿಂಬಾಲಿಸುವ ಓಎಸ್ಎಂಆ್ಯಂಡ್ ತರಹದ ಆಪಿನಲ್ಲಿ ಹಾಕಿಕೊಳ್ಳಿ, ಆ ಭಾಗದ ಮ್ಯಾಪ್ ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ನಮ್ಮದೇ ಮ್ಯಾಪ್ ಮಾಡಿಕೊಳ್ಳುವ ಗೂಗಲ್ ಮೈ ಮ್ಯಾಪ್ಸ್‌ಗೆ ಜಿಪಿಎಕ್ಸ್ ಹಾಕಿದರೆ ಗೆರೆ ಚೆನ್ನಾಗಿ ಕಾಣುತ್ತೆ, ಆದರೆ ಆ ಗೆರೆ ಹಿಡಿದು ಅದು ತಿರುವು ಹೇಳಿಕೊಂಡು ಕರೆದುಕೊಂಡು ಹೋಗಲ್ಲ. ಕಂಪ್ಯೂಟರಿನಲ್ಲಿ ನೀಲಿ ಗೆರೆಯನ್ನು ಎಳೆದು ಬಗ್ಗಿಸಿ ಲಿಂಕ್ ಕಳಿಸುವವರೂ ಇದ್ದಾರೆ. ಫೋನಿನಲ್ಲಿ ತೆರೆದಾಗ ಬಗ್ಗಿಸಿದ್ದು ಹಾಗೇ ಉಳಿದಿದೆಯಾ ಅಂತ ಹೊರಡುವ ಮುಂಚೆ ನೋಡಿಕೊಳ್ಳಿ.

ಈಗ ಆ ಬೈಪಾಸ್ ವಿಷಯ. ಪಿಡಿಎಫ್ ಮೊದಲ ಪುಟದಲ್ಲೇ ದಪ್ಪ ಅಕ್ಷರದಲ್ಲಿ ಹಾಕಿದ್ದರು: ಆಪಿನಲ್ಲಿ ‘ಹೆದ್ದಾರಿ ಬೇಡ’, ‘ಟೋಲ್ ಬೇಡ’ ಎರಡನ್ನೂ ಆನ್ ಮಾಡಿಕೊಳ್ಳಿ. ಓದಿದರೆ ಸರಿ ಅನ್ನಿಸುತ್ತೆ. ಇದಕ್ಕಿಂತ ಕೆಟ್ಟ ಸಲಹೆ ಇನ್ನೊಂದಿಲ್ಲ! ಬೈಪಾಸ್, ರಿಂಗ್ ರೋಡ್ ಇವೆಲ್ಲ ಬಹಳ ಸಲ ಮ್ಯಾಪಿನ ಲೆಕ್ಕದಲ್ಲಿ ಹೆದ್ದಾರಿಗಳೇ. ಹೆದ್ದಾರಿ ಬೇಡ ಅಂದ ಕೂಡಲೇ ಆಪ್ ಆ ರಸ್ತೆಗಳನ್ನು ಆದಷ್ಟು ಬದಿಗಿಡುತ್ತೆ. ಆಮೇಲೆ ಉಳಿಯೋದು ಏನು, ಊರೊಳಗಿನ ಹಳೇ ರಸ್ತೆ. ಟೋಲ್ ಬೇಡ ಅಂದರೂ ಅದೇ ಕಥೆ, ಎಷ್ಟೋ ಕಡೆ ಬೈಪಾಸಿಗೇ ಟೋಲ್ ಇರುತ್ತೆ. ಇದನ್ನು ಅವರಿಗೆ ಬಿಡಿಸಿ ಬಿಡಿಸಿ ಹೇಳಿದಾಗ ಬಂದ ಉತ್ತರ: "ಹೆದ್ದಾರಿಯಲ್ಲೇ ತಾನೇ ಸರ್ ಟ್ರಾಫಿಕ್ ಇರೋದು?" ದಾರಿ ಹಾಕಿಕೊಡೋದನ್ನೇ ಕಸುಬು ಮಾಡಿಕೊಂಡವರ ಮಾತು ಇದು.

ಅವರ ಉತ್ತರಗಳನ್ನು ಬಂದ ಕ್ರಮದಲ್ಲೇ ಹಾಕ್ತೀನಿ. ಮೊದಲನೆಯದು, "ನೀವು ಎಲ್ಲೋ ತಿರುವು ತಪ್ಪಿಸಿಕೊಂಡಿದ್ದೀರಿ." ತಪ್ಪಿಸಿಕೊಂಡಿಲ್ಲ, ಓಡಿದ ದಾರಿಯ ದಾಖಲೆ ಕಳಿಸಿದೆವು. ಆಮೇಲೆ, "ಆಪ್ ಅಪ್‌ಡೇಟ್ ಮಾಡಿ ನೋಡಿ." ಆಮೇಲೆ, "ನಮ್ಮ ಫೋನಿನಲ್ಲಿ ಸರಿಯಾಗೇ ತೋರಿಸ್ತಿದೆ ಸರ್." ಫೈಲಿನ ಆರು ಬಿಂದುಗಳನ್ನು ಸಾಲು ಸಾಲಾಗಿ ಬರೆದು ಕಳಿಸಿದ ಮೇಲೆ ಒಂದು ದಿನ ಮೌನ. ನಂತರ, "ಟ್ರಾಫಿಕ್ ನಮ್ಮ ಕೈಯಲ್ಲಿಲ್ಲ." ಟ್ರಾಫಿಕ್ ನಿಮ್ಮ ಕೈಯಲ್ಲಿಲ್ಲ ಸ್ವಾಮಿ, ಪಿನ್ ಎಲ್ಲಿ ಇಡಬೇಕು ಅನ್ನೋದು ನಿಮ್ಮ ಕೈಯಲ್ಲೇ ಇತ್ತಲ್ಲ! ಹಣ ವಾಪಸ್ ಕೇಳಿದ್ದಕ್ಕೆ, "ಫೈಲ್ ಡೌನ್‌ಲೋಡ್ ಆದಮೇಲೆ ರಿಫಂಡ್ ಇಲ್ಲ." ಡೌನ್‌ಲೋಡ್ ಮಾಡದೆ ಅದರೊಳಗೆ ಏನಿದೆ ಅಂತ ನೋಡೋದು ಹೇಗೆ? ಇದಕ್ಕೆ ಇವತ್ತಿನವರೆಗೂ ಉತ್ತರ ಇಲ್ಲ.

ಸ್ಕ್ರೀನ್‌ಶಾಟಿನ ಮೋಸ ಇನ್ನೂ ಹೊಟ್ಟೆ ಉರಿಸುತ್ತೆ. ಆ ಎರಡನೇ ನಗರದ ಭಾಗ ದಾಟಲು 26 ನಿಮಿಷ ಅಂತ ತೋರಿಸೋ ಚಿತ್ರ, ಗೆರೆ ಪೂರ್ತಿ ನೀಲಿ, ಒಂದು ಚೂರು ಕೆಂಪಿಲ್ಲ. ಚಿತ್ರದ ಮೂಲೆಯಲ್ಲಿ ಫೋನಿನ ಗಡಿಯಾರ ನೋಡಿದರೆ 2:47. ಬೆಳಗಿನ ಜಾವದ 2:47! ಅದೇ ಪಿಡಿಎಫ್ ನಮ್ಮನ್ನು ಅಲ್ಲಿಗೆ ತಲುಪಿಸೋದು ಸಂಜೆ ಐದೂವರೆಗೆ. ಯಾರಾದರೂ ಸಮಯದ ಅಂದಾಜು ಕೊಟ್ಟರೆ ಅದು ಯಾವ ದಿನದ ಯಾವ ಗಂಟೆಯದು ಅಂತ ಕೇಳಿ. ಗೂಗಲ್ ಮ್ಯಾಪಿನಲ್ಲಿ ಹೊರಡುವ ಹೊತ್ತು ಹಾಕಿ ನೋಡುವ ಸೌಲಭ್ಯ ಇದೆ, ನಗರದ ಹತ್ತಿರದ ತುಂಡನ್ನಷ್ಟೇ ಬೇರೆಯಾಗಿ ಹಾಕಿ, ನೀವು ಅಲ್ಲಿರುವ ಗಂಟೆಗೇ ನೋಡಿ. ಬೆಳಿಗ್ಗೆ ಏಳೂವರೆಯಿಂದ ಹತ್ತು, ಸಂಜೆ ನಾಲ್ಕೂವರೆಯಿಂದ ಎಂಟು, ಈ ಹೊತ್ತಿನಲ್ಲಿ ದೊಡ್ಡ ಊರಿನ ಸುತ್ತಮುತ್ತ 30 ಕಿ.ಮೀ. ಒಳಗೆ ಇರದ ಹಾಗೆ ಹೊರಡುವ ಸಮಯ ಹಿಂದೆ ಮುಂದೆ ಮಾಡಿಕೊಂಡರೆ ಅರ್ಧ ಕೆಲಸ ಮುಗಿದಂತೆ. ರಜೆ ಶುರುವಾಗುವ ಸಂಜೆ ಊರಿಂದ ಹೊರಹೋಗುವ ಕಡೆ ಜಾಮ್, ರಜೆ ಮುಗಿಯುವ ಸಂಜೆ ಒಳಬರುವ ಕಡೆ ಜಾಮ್.

ಹಾಗಾದರೆ ಊರು ತಪ್ಪಿಸೋದು ಹೇಗೆ? ಲೆಕ್ಕ ಸುಲಭ, ಇವರು ಮಾಡಲಿಲ್ಲ ಅಷ್ಟೇ. ನಗರದ ಅಡ್ಡಳತೆ 30 ಕಿ.ಮೀ. ಅಂತಿಟ್ಟುಕೊಳ್ಳಿ. ನಡುವೆ ನುಗ್ಗಿದರೆ 30. ಅಂಚಿನ ರಿಂಗ್ ರೋಡಿನಲ್ಲಿ ಅರ್ಧ ಸುತ್ತು ಹಾಕಿದರೆ ಸುಮಾರು 47, ಅಂದರೆ ಒಂದೂವರೆ ಪಟ್ಟಿಗಿಂತ ಸ್ವಲ್ಪ ಹೆಚ್ಚು. ಒಳಗೆ ಗಂಟೆಗೆ 20ರ ವೇಗ ಸಿಕ್ಕರೆ ಒಂದೂವರೆ ಗಂಟೆ, ರಿಂಗ್ ರೋಡಿನಲ್ಲಿ 70 ಸಿಕ್ಕರೆ 40 ನಿಮಿಷ. ಆದರೆ ಊರು ಬೆಳೆದು ರಿಂಗ್ ರೋಡನ್ನೂ ನುಂಗಿದ್ದರೆ, ಅಲ್ಲೂ ಸಿಗ್ನಲ್ ಬಂದಿದ್ದರೆ, ಆ 70 ಸಿಗಲ್ಲ. ಆಗ ಊರಿನ ಬಾಗಿಲಿಗೆ ಬಂದು ತಿರುಗೋದು ದಂಡ. ದೂರದಲ್ಲೇ ತಿರುಗಬೇಕು. ನಗರಕ್ಕೆ 100 ಕಿ.ಮೀ. ಇರುವಾಗಲೇ ಮುಖ್ಯ ರಸ್ತೆ ಬಿಟ್ಟು ಓರೆಯಾಗಿ ಹೋಗಿ, ನಗರದ ಮಟ್ಟಕ್ಕೆ ಬಂದಾಗ ಅದರಿಂದ 40 ಕಿ.ಮೀ. ಪಕ್ಕದಲ್ಲಿದ್ದು, ಮತ್ತೆ 100 ಕಿ.ಮೀ. ಆಚೆ ಮುಖ್ಯ ರಸ್ತೆಗೆ ಸೇರಿಕೊಂಡರೆ, 200 ಕಿ.ಮೀ. ದಾರಿ ಸುಮಾರು 215 ಆಗುತ್ತೆ. ಹೆಚ್ಚಾಗೋದು 15. ರಸ್ತೆ ಅಷ್ಟು ನೇರ ಇರಲ್ಲ, 25-30 ಅಂತಲೇ ಇಟ್ಟುಕೊಳ್ಳಿ, ಆದರೂ ಲಾಭವೇ. ಅದೇ 40 ಕಿ.ಮೀ. ಪಕ್ಕಕ್ಕೆ ಹೋಗೋ ಯೋಚನೆ ನಗರಕ್ಕೆ 20 ಕಿ.ಮೀ. ಇರುವಾಗ ಬಂದರೆ 40 ಕಿ.ಮೀ. ದಾರಿ 90ರ ಹತ್ತಿರ ಹೋಗುತ್ತೆ. ಎಲ್ಲಿ ತಿರುಗಬೇಕು ಅನ್ನೋದೇ ಪ್ಲಾನಿನ ಜೀವಾಳ, ಇವರ 12 ಪುಟದಲ್ಲಿ ಅದರ ಬಗ್ಗೆ ಒಂದು ಸಾಲಿಲ್ಲ. ನೀರಿನ ಬಾಟಲಿ ಇಟ್ಟುಕೊಳ್ಳಿ, ಗಾಳಿ ಚೆಕ್ ಮಾಡಿಸಿ ಅಂತ ನಾಲ್ಕು ಪುಟ ಇದೆ.

ತಿರುಗುವ ಕವಲು ಸಿಕ್ಕ ಮೇಲೆ ಅದನ್ನು ದಾಟಿ ಒಂದೆರಡು ಕಿ.ಮೀ. ಮುಂದೆ, ಹೊಸ ರಸ್ತೆಯ ಮೇಲೆ ಪಿನ್ ಇಡಿ. ಕವಲಿನ ಮೇಲೇ ಇಡಬೇಡಿ. ನಾಲ್ಕು ಪಥದ ರಸ್ತೆಯಾದರೆ ದೊಡ್ಡದು ಮಾಡಿಕೊಂಡು, ನೀವು ಹೋಗುವ ದಿಕ್ಕಿನ ಕಡೆಗೇ ಪಿನ್ ಬಿದ್ದಿದೆಯಾ ನೋಡಿ. ಎದುರು ಪಥದ ಮೇಲೆ ಬಿದ್ದರೆ ಎಷ್ಟೋ ದೂರ ಮುಂದೆ ಹೋಗಿ ಯೂ ಟರ್ನ್ ಹೊಡೆಸಿ ಅದೇ ಜಾಗಕ್ಕೆ ಕರೆತರುತ್ತೆ. ಆಪಿನಲ್ಲಿ ‘ನಿಲುಗಡೆ’ ಬೇರೆ, ‘ಹಾದುಹೋಗುವ ಬಿಂದು’ ಬೇರೆ ಅಂತ ಆಯ್ಕೆ ಇದ್ದರೆ ಎರಡನೆಯದನ್ನೇ ಹಾಕಿ. ನಿಲುಗಡೆ ತಪ್ಪಿಹೋದರೆ ಕೆಲವು ಆಪ್ ಬಿಡದೆ ಹಿಂದಕ್ಕೆ ಎಳೆಯುತ್ತವೆ. ಗೂಗಲ್ ಮ್ಯಾಪಿನಲ್ಲಿ 9 ನಿಲುಗಡೆಯ ಮಿತಿ ಇದೆ, ಆದ್ದರಿಂದ ದಿನಕ್ಕೊಂದು ತುಂಡು, ಬೇಕಾದರೆ ದಿನಕ್ಕೆ ಎರಡು ತುಂಡು ಮಾಡಿಕೊಳ್ಳಿ.

ಬಳಸುದಾರಿಯಲ್ಲಿ ಆಪ್ ಹೇಳುವ ಸಮಯಕ್ಕೆ ಕಾಲು ಭಾಗ ಸೇರಿಸಿ. ಎದುರು ಗಾಡಿ ಬರೋ ರಸ್ತೆಯಲ್ಲಿ ನಿಧಾನದ ಲಾರಿ ಹಿಂದೆ ಸಿಕ್ಕಿಕೊಂಡರೆ ಲೆಕ್ಕ ತಪ್ಪುತ್ತೆ. ಉಪಗ್ರಹ ಚಿತ್ರ ಹಾಕಿ ರಸ್ತೆ ಎಷ್ಟು ಅಗಲ ಇದೆ, ಡಾಂಬರು ಇದೆಯಾ ನೋಡಿ. ‘ಅತಿ ಕಡಿಮೆ ದೂರ’ ಅನ್ನೋ ಆಯ್ಕೆ ಯಾವ ಆಪಿನಲ್ಲಿದ್ದರೂ ಆಫ್ ಮಾಡಿ, ಅದು ಎರಡು ಕಿ.ಮೀ. ಉಳಿಸಲು ಹೊಲದ ದಾರಿಗೆ ಇಳಿಸುತ್ತೆ. ಟ್ಯಾಂಕ್ ಅರ್ಧಕ್ಕೆ ಬಂದಾಗಲೇ ತುಂಬಿಸಿ. ಎರಡು ಗಂಟೆಗೊಮ್ಮೆ 15 ನಿಮಿಷ ನಿಲ್ಲಿಸಿ. ಗೊತ್ತಿಲ್ಲದ ಒಳದಾರಿಯನ್ನು ಕತ್ತಲಲ್ಲಿ ಹಿಡಿಯಬೇಡಿ. ಇಷ್ಟು ಸಾಕು, ಮಿಕ್ಕಿದ್ದು ಎಲ್ಲರಿಗೂ ಗೊತ್ತಿರೋದೇ.

ಹಣ ಕೊಟ್ಟೇ ಮಾಡಿಸ್ತೀನಿ ಅನ್ನುವವರು ಮೊದಲು ಒಂದೇ ನಗರದ ಭಾಗಕ್ಕೆ ಟ್ರ್ಯಾಕ್ ತರಿಸಿಕೊಂಡು ನೋಡಿ, ಗೆರೆ ಊರಿಂದ ಎಷ್ಟು ದೂರ ಹೋಗುತ್ತೆ ಅಂತ ಅಳೆಯಿರಿ, ಆಮೇಲೆ ಬಾಕಿ ಹಣ. ಮುಂಗಡ ಪೂರ್ತಿ ಕೇಳಿದರೆ ಬಿಟ್ಟುಬಿಡಿ.

ಹತ್ತು ದಿನ ಬೆನ್ನುಹತ್ತಿದ ಮೇಲೆ ಮೊನ್ನೆ ಒಂದು ಮೆಸೇಜ್ ಬಂತು: "ನಿಮ್ಮ ತೃಪ್ತಿಗೋಸ್ಕರ ರೂಟ್ ಸರಿಪಡಿಸಿ ಕಳಿಸಿದ್ದೀವಿ ಸರ್, ಚೆಕ್ ಮಾಡಿ." ತೆರೆದು ನೋಡಿದರೆ ಫೈಲಿನ ಹೆಸರಿನ ಕೊನೆಗೆ ‘ಹೊಸದು’ ಅಂತ ಸೇರಿದೆ. ಒಳಗೆ ಅದೇ ಆರು ಬಿಂದು, ಅದೇ ಎರಡು ಅಂಕಿ, ಮೂರನೇ ಸಾಲಿನಲ್ಲಿ ಅದೇ ಮಾರುಕಟ್ಟೆ ಓಣಿ.