ಹೋಟೆಲ್ ಪೂಲಿಗೆ ಈಜುಡುಪು: ದಾರದ್ದೋ, ಪಟ್ಟಿಯದ್ದೋ, ಒಂದೇ ಪೀಸಿನದ್ದೋ

ಆನ್‌ಲೈನ್ ಫೋಟೊದಲ್ಲಿ ಬಿಕಿನಿ ಒಣಗಿರುತ್ತದೆ, ಹಾಕಿಕೊಂಡವರು ಅಲ್ಲಾಡದೆ ನಿಂತಿರುತ್ತಾರೆ. ದಾವಣಗೆರೆಯಲ್ಲಿ ಸೀರೆ ಕೊಳ್ಳುವಾಗ ಸೆರಗು ಬಿಡಿಸಿ, ಬೆಳಕಿಗೆ ಹಿಡಿದು, ನೂಲು ಮುಟ್ಟಿ ನೋಡುವವರೇ ಈಜುಡುಪನ್ನು ಮಾತ್ರ ಸೈಜು ಒತ್ತಿ ತರಿಸಿಬಿಡುತ್ತಾರೆ. ಮೈ ಎಷ್ಟು ಕಾಣಬೇಕು ಅನ್ನುವುದು ಹಾಕುವವರ ಇಷ್ಟ, ಅದರಲ್ಲಿ ಬೇರೆಯವರದ್ದು ಏನೂ ಇಲ್ಲ. ಆದರೆ ಬಟ್ಟೆ ಕಡಿಮೆಯಾದಷ್ಟೂ ಇರುವ ಬಟ್ಟೆಯ ಮೇಲೆ ಬೀಳುವ ಭಾರ ಹೆಚ್ಚು. ಗೋವಾಕ್ಕೋ ಬೆಂಗಳೂರಿಗೋ ಹೊರಡುವವರ ಕೈಗೆ ಸುಲಭವಾಗಿ ಸಿಗುವ ಮೂರು ಬಗೆಗಳನ್ನು ಆ ಲೆಕ್ಕದಲ್ಲೇ ನೋಡೋಣ.

ದಾರದ ಬಿಕಿನಿ, ಅಂದರೆ ಕತ್ತಿಗೆ, ಬೆನ್ನಿಗೆ, ಸೊಂಟದ ಎರಡೂ ಬದಿಗೆ ಕಟ್ಟುವುದು, ಮೂರರಲ್ಲಿ ಬೇಗ ಒಣಗುತ್ತದೆ, ಮೈ ಸ್ವಲ್ಪ ಹೆಚ್ಚುಕಡಿಮೆಯಾದರೂ ಹೊಂದುತ್ತದೆ. ಇದರ ಕಷ್ಟ ಇರುವುದು ಗಂಟಿನಲ್ಲಿ. ನೈಲಾನ್ ದಾರ ನುಣುಪು, ಒದ್ದೆಯಾದರೆ ಬೋ ಗಂಟು ಸರ್ರನೆ ಜಾರುತ್ತದೆ. ಮೊದಲು ಎರಡು ಸುತ್ತಿನ ಗಟ್ಟಿ ಗಂಟು ಹಾಕಿ, ಅದರ ಮೇಲೆ ಬೋ ಕಟ್ಟಿದರೆ ನಿಲ್ಲುತ್ತದೆ. ಎದೆಯ ತ್ರಿಕೋನ ದಾರದ ಮೇಲೆ ಸರಿದಾಡುವಂತಿದ್ದರೆ ನೀರಿಗೆ ಹಾರಿದಾಗ ಪಕ್ಕಕ್ಕೆ ಹೋಗುವುದು ಖಂಡಿತ. ಬೇಕಾದ ಅಗಲಕ್ಕೆ ಹೊಂದಿಸಿಕೊಂಡು ಎರಡೂ ತುದಿಯಲ್ಲಿ ಕೈಹೊಲಿಗೆ ಹಾಕಿಬಿಡಿ. ಎದೆಯ ಭಾರವೆಲ್ಲ ಕತ್ತಿನ ಹಿಂದಿನ ಒಂದೇ ಗಂಟಿಗೆ ಬೀಳುವುದರಿಂದ ಹೆಚ್ಚು ಹೊತ್ತು ಹಾಕಿದರೆ ಕತ್ತು ನೋಯುತ್ತದೆ. ದಾರ ಕೂಡುವ ಕಡೆ ಲೋಹದ ಬಳೆ ಇರುವ ಬಿಕಿನಿ ಬೇಡ, ಬಿಸಿಲಿನಲ್ಲಿ ಚರ್ಮ ಸುಡುತ್ತದೆ. ಪೂಲಿನ ಅಂಚಿನಲ್ಲಿ ಕೂರಲು, ಸೊಂಟದ ನೀರಿನಲ್ಲಿ ನಿಲ್ಲಲು ಇದು ಚೆನ್ನ. ಈಜಲು ಅಲ್ಲ.

ಹಣ ಹಾಕುವುದಾದರೆ ಪಟ್ಟಿಯ ಎರಡು ಪೀಸಿನ ಮೇಲೆ ಹಾಕಿ. ಎದೆಯ ಕೆಳಗೆ ಮೂರ್ನಾಲ್ಕು ಸೆಂಟಿಮೀಟರ್ ಅಗಲದ ಪಟ್ಟಿ, ಬೆನ್ನಲ್ಲಿ ಅಡ್ಡ ಹಾಯುವ ಸ್ಟ್ರಾಪ್ ಇದ್ದರೆ ಹೊಟ್ಟೆ, ಬೆನ್ನು ಎಲ್ಲ ಕಂಡರೂ ಉಡುಪು ಜಾಗ ಬಿಟ್ಟು ಕದಲುವುದಿಲ್ಲ. ಹಾಕಿಕೊಂಡು ಎರಡೂ ಕೈ ಮೇಲೆತ್ತಿ: ಪಟ್ಟಿ ಮೇಲೇರಿದರೆ ಸೈಜು ದೊಡ್ಡದು. ಪಟ್ಟಿಯ ಕೆಳಗೆ ಎರಡು ಬೆರಳು ಹೋಗಬೇಕು, ಮೂರನೆಯದು ಹೋಗಬಾರದು. ಕುಕ್ಕರುಗಾಲಲ್ಲಿ ಕೂತು ಎದ್ದಾಗ ಕೆಳಗಿನ ಪೀಸು ಹಿಂದೆ ಜಗ್ಗಬಾರದು. ಒದ್ದೆಯಾದ ಬಟ್ಟೆ ಸಡಿಲಗೊಳ್ಳುತ್ತದೆ, ಹಾಗಾಗಿ ಒಣಗಿದ್ದಾಗಲೇ ಹಿತವಾಗಿದೆ ಅನಿಸಿದರೆ ನೀರಿನಲ್ಲಿ ಜೋಲುತ್ತದೆ. ತೆಗೆದಿಡಬಹುದಾದ ಪ್ಯಾಡು ಮೊದಲ ಸಲವೇ ಮಡಚಿಕೊಂಡು ಮೂಲೆ ಸೇರುತ್ತದೆ. ನಾಲ್ಕು ಕಡೆ ಹೊಲಿಗೆ ಹಾಕಿ ಕೂರಿಸಬೇಕು.

ಬೆನ್ನು ಪೂರ್ತಿ ತೆರೆದ, ತೊಡೆ ಎತ್ತರಕ್ಕೆ ಕತ್ತರಿಸಿದ ಒಂದೇ ಪೀಸನ್ನು ಎದೆ ಸೊಂಟದ ಅಳತೆಯಲ್ಲಿ ಕೊಂಡರೆ ತಪ್ಪುತ್ತದೆ. ಹೆಗಲಿನಿಂದ ಮುಂದೆ ಇಳಿಸಿ, ಕಾಲ ಸಂದಿನಲ್ಲಿ ಹಾಯಿಸಿ, ಬೆನ್ನಿನಿಂದ ಅದೇ ಹೆಗಲಿಗೆ ಟೇಪು ತನ್ನಿ. ಬೇಕಾದದ್ದು ಆ ಅಳತೆ. ಗಿಡ್ಡವಾದರೆ ಹೆಗಲು ಕೊಯ್ಯುತ್ತದೆ, ಉದ್ದವಾದರೆ ಬಗ್ಗಿದಾಗ ಎದೆಯ ಹತ್ತಿರ ಬಾಯಿ ತೆರೆಯುತ್ತದೆ.

ಬಟ್ಟೆಯ ಚೀಟಿಯಲ್ಲಿ ನೈಲಾನ್ ಸುಮಾರು 80, ಸ್ಪ್ಯಾಂಡೆಕ್ಸ್ (ರಬ್ಬರಿನಂತೆ ಹಿಗ್ಗುವ ಎಳೆ) 20 ಶೇಕಡ ಇದ್ದರೆ ಮೈಗೆ ಅಂಟಿ ನಿಲ್ಲುತ್ತದೆ. ದಿನಾ ಈಜುವವರಿಗೆ ಪಾಲಿಯೆಸ್ಟರ್–ಪಿಬಿಟಿ (ಪಿಬಿಟಿ ಅಂದರೆ ತಾನೇ ಹಿಗ್ಗುವ ಒಂದು ಬಗೆಯ ಪಾಲಿಯೆಸ್ಟರ್) ಮೇಲು, ಏಕೆಂದರೆ ಕ್ಲೋರಿನ್ ತಿಂದುಹಾಕುವುದು ಸ್ಪ್ಯಾಂಡೆಕ್ಸ್ ಎಳೆಯನ್ನೇ. ತಿಳಿ ಬಣ್ಣದಲ್ಲಿ ಪೂರ್ತಿ ಒಳಪದರ ಇಲ್ಲದ್ದನ್ನು ಕೊಳ್ಳಲೇಬೇಡಿ. ಎಳೆಗಳ ಸಂದಿಗೆ ನೀರು ತುಂಬಿದಾಗ ಬೆಳಕು ಚದುರುವುದು ಕಡಿಮೆಯಾಗಿ ಬಟ್ಟೆ ಪಾರದರ್ಶಕವಾಗುತ್ತದೆ. ಪಾರ್ಸೆಲ್ ಬಂದ ಕೂಡಲೇ ಅಂಗೈ ಒಳಗಿಟ್ಟು, ಬಟ್ಟೆ ಹಿಗ್ಗಿಸಿ, ಹಿಂದಿನಿಂದ ಮೊಬೈಲ್ ಟಾರ್ಚ್ ಬಿಡಿ. ಬೆರಳ ಗೆರೆ ಕಂಡರೆ ವಾಪಸ್ ಕಳಿಸಿ. ಒಳಗಿನ ಹೈಜೀನ್ ಸ್ಟಿಕ್ಕರ್ ಕಿತ್ತರೆ ವಾಪಸ್ ತೆಗೆದುಕೊಳ್ಳದಿರಬಹುದು, ಒಳಉಡುಪಿನ ಮೇಲೆಯೇ ಹಾಕಿ ನೋಡಿ.

ಆಲ್ಟರೇಶನ್‌ಗೆ ಬ್ಲೌಸ್ ಹೊಲಿಯುವವರ ಹತ್ತಿರ ಹೋಗುವಾಗ ಮೂರು ಮಾತು ಹೇಳಿ: ಜಿಗ್‌ಜ್ಯಾಗ್ ಹೊಲಿಗೆ, ತುದಿ ಉರುಟಾದ ಸ್ಟ್ರೆಚ್ ಸೂಜಿ, ಪಾಲಿಯೆಸ್ಟರ್ ದಾರ. ನೇರ ಹೊಲಿಗೆ ಹಾಕಿದರೆ ಬಟ್ಟೆ ಹಿಗ್ಗಿದಾಗ ದಾರ ಪಟ್ ಅಂತ ಹರಿಯುತ್ತದೆ. ಲಂಗದ ಮಾಮೂಲಿ ಎಲಾಸ್ಟಿಕ್ ಕ್ಲೋರಿನ್‌ಗೆ ಬೇಗ ಸತ್ತುಹೋಗುತ್ತದೆ, ಈಜುಡುಪಿನದ್ದೇ ರಬ್ಬರ್ ಎಲಾಸ್ಟಿಕ್ ತಂದುಕೊಡಿ.

ಹೋಟೆಲಿಗೆ ಮೊದಲೇ ಫೋನ್ ಮಾಡಿ. ಎರಡು ಪೀಸಿಗೆ ಒಪ್ಪಿಗೆ ಇದೆಯೇ, ಹೆಂಗಸರಿಗೆ ಬೇರೆ ಹೊತ್ತು ಇದೆಯೇ, ಪೂಲಿಗೆ ಮದುವೆ ಹಾಲಿನ ಅಥವಾ ರೆಸ್ಟೋರೆಂಟಿನ ಕಿಟಕಿ ತೆರೆದಿದೆಯೇ ಎಂದು ಕೇಳಿ. ದಾವಣಗೆರೆ, ಚಿತ್ರದುರ್ಗದಂಥ ಊರಲ್ಲಿ ಲಗ್ನದ ದಿನಗಳಲ್ಲಿ ಈ ಕೊನೆಯ ಪ್ರಶ್ನೆಯೇ ಮುಖ್ಯ. ನೈಲಾನ್ ಉಡುಪು ಕಡ್ಡಾಯ ಎಂಬ ಬೋರ್ಡು ಬಹಳ ಕಡೆ ಇರುತ್ತದೆ. ಹತ್ತಿಯ ಟೀಶರ್ಟಿನ ನವಿರು ಫಿಲ್ಟರ್ ಸೇರಿ ಕಟ್ಟುತ್ತದೆ, ಬಣ್ಣವೂ ಬಿಡುತ್ತದೆ. ಯಾರಾದರೂ ಫೋನ್ ಎತ್ತಿ ಫೋಟೊ ತೆಗೆದರೆ ಲೈಫ್‌ಗಾರ್ಡ್‌ಗೆ ಅಲ್ಲೇ ಹೇಳಿ. ಅದನ್ನು ನಿಲ್ಲಿಸುವುದು ಹೋಟೆಲಿನವರ ಕೆಲಸ, ಮೈ ಮುಚ್ಚಿಕೊಂಡು ಎದ್ದು ಹೋಗಬೇಕಾದವರು ನೀವಲ್ಲ.

ರೂಮಿನಿಂದ ಪೂಲಿನವರೆಗೆ ಲಿಫ್ಟು, ಲಾಬಿ ದಾಟಲು ಹತ್ತಿಯ ಪಂಚೆಗಿಂತ ಒಳ್ಳೆಯದು ಇಲ್ಲ: ಎದೆಗೆ ಕಟ್ಟಿದರೆ ಮೊಣಕಾಲ ಕೆಳಗೆ ಬರುತ್ತದೆ, ನೀರು ಹೀರುತ್ತದೆ, ಬ್ಯಾಗಿನಲ್ಲಿ ಜಾಗ ತಿನ್ನುವುದಿಲ್ಲ. ಮೊಳಕಾಲ್ಮೂರಿನ ರೇಷ್ಮೆ ದುಪಟ್ಟಾ ಎಷ್ಟೇ ಚೆಂದವಿದ್ದರೂ ಒದ್ದೆ ಈಜುಡುಪಿನ ಮೇಲೆ ಹೊದೆಯಬೇಡಿ. ರೇಷ್ಮೆ ಪ್ರೋಟೀನಿನ ಎಳೆ, ಕ್ಲೋರಿನ್ ಅದನ್ನು ಹಳದಿ ಮಾಡಿ ಸವೆಸುತ್ತದೆ.

ನೀರಿಗಿಳಿಯುವ ಮುಂಚೆ ಶವರಿನಲ್ಲಿ ನೆನೆಯಿರಿ. ಸಿಹಿನೀರು ಕುಡಿದ ಬಟ್ಟೆ ಕ್ಲೋರಿನ್ ನೀರನ್ನು ಕಡಿಮೆ ಎಳೆದುಕೊಳ್ಳುತ್ತದೆ. ಸನ್‌ಸ್ಕ್ರೀನ್ ಹಚ್ಚಿ ಹತ್ತು ಹದಿನೈದು ನಿಮಿಷ ಬಿಟ್ಟು ಉಡುಪು ತೊಡಿ. ಬಿಳಿ ಬಿಕಿನಿಯ ಅಂಚಿನಲ್ಲಿ ತುಕ್ಕಿನಂಥ ಕಲೆ ಮೂಡಿದರೆ ಸನ್‌ಸ್ಕ್ರೀನಿನಲ್ಲಿರುವ ಅವೊಬೆನ್ಜೋನ್ ಎಂಬ ರಾಸಾಯನಿಕ ನೀರಿನ ಕಬ್ಬಿಣದ ಜೊತೆ ಸೇರಿದೆ ಎಂದರ್ಥ, ಬೋರ್‌ವೆಲ್ ನೀರಿನಲ್ಲಿ ಒಗೆದಾಗ ಇದು ಆಗುವುದುಂಟು. ಬ್ಲೀಚ್ ಹಾಕಿದರೆ ಕಲೆ ಇನ್ನೂ ಗಟ್ಟಿಯಾಗುತ್ತದೆ. ನಿಂಬೆರಸ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು ತಣ್ಣೀರಲ್ಲಿ ತೊಳೆಯಿರಿ. ಹಿಂಡದೆ ಟವೆಲಿನಲ್ಲಿ ಸುತ್ತಿ ಒತ್ತಿ, ನೆರಳಿನಲ್ಲಿ ಹರವಿ. ಎಲಾಸ್ಟಿಕ್ ಮತ್ತೆ ಕುಗ್ಗಲು ಒಂದು ದಿನದ ಬಿಡುವು ಬೇಕು, ಆದ್ದರಿಂದ ಮೂರು ದಿನದ ಪ್ರವಾಸಕ್ಕೂ ಎರಡು ಜೊತೆ ಇಟ್ಟುಕೊಳ್ಳಿ.