ನಾರ್ವೆಯಿಂದ ಹೊರಟ ಅಜ್ಜನ ಹಡಗು ಹುಡುಕಲು ಯಾವುದು ಒಳ್ಳೆಯದು? ನನ್ನ ಓಟು ಉಚಿತ ತಾಣಗಳಿಗೆ

ನೇರವಾಗಿ ಹೇಳಿಬಿಡುತ್ತೇನೆ. ನಾರ್ವೆಯಿಂದ ಅಮೆರಿಕಕ್ಕೆ ಹೋದ ಹಿರಿಯರ ಪ್ರಯಾಣ ಹುಡುಕುವವರು ಮೊದಲು ತೆರೆಯಬೇಕಾದದ್ದು ಡಿಜಿಟಲ್‌ಆರ್ಕಿವೆಟ್. ನಾರ್ವೆಯ ರಾಷ್ಟ್ರೀಯ ದಾಖಲೆ ಸಂಗ್ರಹದ ತಾಣ ಅದು. ಒಂದು ಪೈಸೆ ಖರ್ಚಿಲ್ಲ. ಅದರ ಪಕ್ಕದಲ್ಲೇ ನಾರ್ವೆ ಹೆರಿಟೇಜ್ ಅನ್ನುವ ಹಡಗುಗಳ ತಾಣ ತೆರೆದಿಟ್ಟುಕೊಳ್ಳಿ, ಅದೂ ಉಚಿತ. ದುಡ್ಡು ಕಟ್ಟಿ ಸದಸ್ಯರಾಗುವ ದೊಡ್ಡ ವಂಶಾವಳಿ ತಾಣವನ್ನೂ ಒಂದು ವರ್ಷ ಬಳಸಿ ನೋಡಿದೆ. ಚಂದಾ ಮುಂದುವರಿಸಲಿಲ್ಲ.

ನಾನು ಶಿವಮೊಗ್ಗ ಕಡೆಯವಳು. ಮದುವೆಯಾಗಿ ಬಂದದ್ದು ಅಮೆರಿಕದ ಮಿನೆಸೋಟಾದ ನಾರ್ವೆ ಮೂಲದ ಮನೆಗೆ. ನಮ್ಮ ಮಾವನವರ ಅಜ್ಜ ಗುಡ್‌ಬ್ರಾಂಡ್ಸ್‌ದಾಲ್ ಕಣಿವೆಯಿಂದ ಬಂದವರು. ಮನೆಯಲ್ಲಿ ಎಲ್ಲರೂ "ಅಜ್ಜ ಎಲ್ಲಿಸ್ ಐಲೆಂಡ್‌ನಲ್ಲಿ ಇಳಿದರು" ಅಂತಲೇ ಹೇಳುತ್ತಾರೆ. ಆದರೆ 1900ರ ಅಮೆರಿಕದ ಜನಗಣತಿಯಲ್ಲಿ ಅವರು ವಲಸೆ ಬಂದ ವರ್ಷ 1882 ಅಂತ ಬರೆದಿದೆ. ನ್ಯೂಯಾರ್ಕ್ ಬಂದರಿನಲ್ಲಿ ವಲಸೆ ಬಂದವರನ್ನು ತಪಾಸಣೆ ಮಾಡುತ್ತಿದ್ದ ಈ ಎಲ್ಲಿಸ್ ಐಲೆಂಡ್ ಕೇಂದ್ರ ಬಾಗಿಲು ತೆರೆದದ್ದೇ 1892ರ ಜನವರಿ 1ಕ್ಕೆ. ಹಾಗಾದರೆ ಅವರು ಇಳಿದದ್ದು ಎಲ್ಲಿ? ಮಾವನವರಿಗೆ ವಯಸ್ಸಾಗಿದೆ, ಅವರು ಇರುವಾಗಲೇ ಉತ್ತರ ಸಿಗಬೇಕು ಅನ್ನುವುದು ನನ್ನ ಆಸೆಯಾಗಿತ್ತು.

1882 ಸುಮ್ನೆ ಒಂದು ವರ್ಷ ಅಲ್ಲ. ನಾರ್ವೆಯಿಂದ ಅತಿ ಹೆಚ್ಚು ಜನ ಹೊರಟ ವರ್ಷ ಅದು. 28,000ಕ್ಕೂ ಜಾಸ್ತಿ ಜನ ಒಂದೇ ವರ್ಷದಲ್ಲಿ ಊರು ಬಿಟ್ಟರು. ಅವರಲ್ಲಿ ಓಲೆ, ಹಾನ್ಸ್, ಯೋಹಾನ್ನೆಸ್ ಅನ್ನುವವರೇ ಎಷ್ಟೋ ಸಾವಿರ.

ದುಡ್ಡಿನ ತಾಣ ಎಡವಿದ್ದು ಇಲ್ಲೇ. ಹೆಸರು ಹಾಕಿದ ಕೂಡಲೇ ಅದು ನ್ಯೂಯಾರ್ಕ್‌ಗೆ ಬಂದ ಹಡಗೊಂದರ ಪ್ರಯಾಣಿಕರ ಪಟ್ಟಿ ಎತ್ತಿ ತೋರಿಸಿ, ಇವರೇ ನಿಮ್ಮವರು ಎಂಬಂತೆ ಸೂಚನೆ ಕೊಟ್ಟಿತು. ಅದೇ ಹೆಸರು, ವಯಸ್ಸೂ ಹತ್ತಿರ ಹತ್ತಿರ. ಬೇರೆ ಯಾರೋ ತಮ್ಮ ವಂಶವೃಕ್ಷದಲ್ಲಿ ಆ ಮನುಷ್ಯನನ್ನು ಸೇರಿಸಿಕೊಂಡಿದ್ದರು, ಅವರನ್ನು ನೋಡಿ ಇನ್ನೊಬ್ಬರು, ಮತ್ತೊಬ್ಬರು. ಮೂಲ ಪುಟ ತೆರೆದರೆ ಹೆಸರು, ವಯಸ್ಸು, ಕಸುಬು, ದೇಶ ಇಷ್ಟೇ. ಊರಿಲ್ಲ, ತೋಟದ ಮನೆಯ ಹೆಸರಿಲ್ಲ. ಆ ಕಾಲದ ನ್ಯೂಯಾರ್ಕ್ ಪಟ್ಟಿಗಳೇ ಹಾಗೆ. ಕೊನೆಯ ವಾಸಸ್ಥಳ, ಯಾರ ಹತ್ತಿರ ಹೋಗುತ್ತಿದ್ದಾರೆ ಅನ್ನುವ ವಿವರ ಬಂದದ್ದು 1893ರ ಕಾನೂನಿನ ನಂತರ. ಇಷ್ಟರ ಮೇಲೆ ಒಬ್ಬರನ್ನು ನಮ್ಮವರು ಅನ್ನುವುದು ಹೇಗೆ?

ಡಿಜಿಟಲ್‌ಆರ್ಕಿವೆಟ್‌ನಲ್ಲಿ ಇರುವುದು ಹೊರಟ ಕಡೆಯ ದಾಖಲೆ. ಬಂದರಿನ ಪೊಲೀಸರು ವಲಸೆ ಹೋಗುವವರ ಹೆಸರನ್ನು ದೊಡ್ಡ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಕ್ರಿಸ್ಟಿಯಾನಿಯಾ, ಅಂದರೆ ಇಂದಿನ ಓಸ್ಲೋದ ಪುಸ್ತಕಗಳು 1867ರಿಂದ ಇವೆ, ಟ್ರಾಂಡ್‌ಹೈಮ್‌ನವೂ ಅಷ್ಟೇ, ಬರ್ಗನ್‌ನವು 1874ರಿಂದ. ಹುಡುಕುವಾಗ ಅಮೆರಿಕದ ಮನೆತನದ ಹೆಸರನ್ನು ಮರೆತುಬಿಡಿ. ನಮ್ಮಲ್ಲಿ ಊರಿನ ಹೆಸರು, ಅಪ್ಪನ ಹೆಸರು ಇನಿಷಿಯಲ್ ಆಗುವ ಹಾಗೆ ಅವರಲ್ಲೂ ಅಪ್ಪನ ಹೆಸರು, ವಾಸವಿದ್ದ ತೋಟದ ಹೆಸರು ಬರುತ್ತಿತ್ತು. ತೋಟ ಬದಲಾದರೆ ಆ ಹೆಸರೂ ಬದಲು. ಮಾವನವರ ಮನೆತನದ ಹೆಸರು ನಿಜವಾಗಿ ಒಂದು ತೋಟದ ಹೆಸರು, ಪೊಲೀಸ್ ಪುಸ್ತಕದಲ್ಲಿ ಅದು ವಿಳಾಸದ ಕಾಲಂನಲ್ಲಿ ಕೂತಿದೆ. ನಾನು ಎರಡನೇ ಹೆಸರಿನ ಜಾಗ ಖಾಲಿ ಬಿಟ್ಟೆ. ಮೊದಲ ಹೆಸರಿನ ಕೊನೆಗೆ ನಕ್ಷತ್ರ ಚಿಹ್ನೆ ಹಾಕಿದೆ, ಊರು ಮತ್ತು ವರ್ಷ ಹಾಕಿದೆ. ಬಂದೇಬಿಟ್ಟರು. ರೈತನ ಮಗ, ಅವಿವಾಹಿತ, 22 ವರ್ಷ, ಹೋಗುವ ಊರು ಮಿನೆಸೋಟಾದ ಸೇಂಟ್ ಪಾಲ್. ಹಡಗು ಆಂಜೆಲೊ.

ಇನ್ನು ಎಲ್ಲರಿಗೂ ತಲೆನೋವು ಕೊಡುವ ವಿಷಯಕ್ಕೆ ಬರುತ್ತೇನೆ. ಆಂಜೆಲೊ ಅನ್ನುವ ಹಡಗನ್ನು ನ್ಯೂಯಾರ್ಕ್‌ನಲ್ಲಿ ಎಷ್ಟು ಹುಡುಕಿದರೂ ಸಿಗುವುದಿಲ್ಲ. ಯಾಕೆಂದರೆ ಅದು ಅಟ್ಲಾಂಟಿಕ್ ದಾಟಿದ ಹಡಗೇ ಅಲ್ಲ. ಆಗ ನಾರ್ವೆಯಿಂದ ಹೊರಟ ಬಹಳಷ್ಟು ಜನ ಎರಡು ಹಡಗು ಹತ್ತುತ್ತಿದ್ದರು. ಮೊದಲನೆಯದು ವಿಲ್ಸನ್ ಲೈನ್ ಅನ್ನುವ ಇಂಗ್ಲಿಷ್ ಕಂಪನಿಯ ಚಿಕ್ಕ ಹಡಗು. ಉತ್ತರ ಸಮುದ್ರ ದಾಟಿ ಇಂಗ್ಲೆಂಡಿನ ಪೂರ್ವ ತೀರದ ಹಲ್ ಬಂದರಿಗೆ ಬಿಡುತ್ತಿತ್ತು. ಹಲ್‌ನಿಂದ ರೈಲಿನಲ್ಲಿ ಇಡೀ ಇಂಗ್ಲೆಂಡ್ ದಾಟಿ ಲಿವರ್‌ಪೂಲ್. ಅಲ್ಲಿ ದೊಡ್ಡ ಹಡಗು. ಪೊಲೀಸ್ ಪುಸ್ತಕದಲ್ಲಿ ಸಾಮಾನ್ಯವಾಗಿ ಬರೆದಿರುವುದು ಮೊದಲ ಹಡಗಿನ ಹೆಸರು. ಆಂಜೆಲೊ, ರೋಲೊ, ಟ್ರಾಂಡ್‌ಹೈಮ್ ಕಡೆಯವರಾದರೆ ಟಾಸ್ಸೊ, ಇಂಥವು ಕಂಡರೆ ನೀವಿನ್ನೂ ಅರ್ಧ ದಾರಿಯಲ್ಲಿದ್ದೀರಿ ಅಂತ ತಿಳಿಯಿರಿ. ಎಲ್ಲರೂ ಹೀಗೆ ಹೋಗಲಿಲ್ಲ. 1880ರ ದಶಕದಲ್ಲಿ ಡೆನ್ಮಾರ್ಕ್‌ನ ತಿಂಗ್ವಲ್ಲಾ ಲೈನ್ ಕ್ರಿಸ್ಟಿಯಾನಿಯಾದಿಂದ ನೇರ ನ್ಯೂಯಾರ್ಕ್‌ಗೆ ಹಡಗು ಓಡಿಸುತ್ತಿತ್ತು. ಅಂಥವರ ವಂಶಸ್ಥರಿಗೆ ಈ ಕಷ್ಟವಿಲ್ಲ.

ಈ ಅರ್ಧ ದಾರಿಯಿಂದ ನನ್ನನ್ನು ದಾಟಿಸಿದ್ದು ನಾರ್ವೆ ಹೆರಿಟೇಜ್. ನೋಡಲು ಹಳೇ ಕಾಲದ ತಾಣ, ಮೊಬೈಲ್‌ನಲ್ಲಿ ಓದುವುದು ಕಷ್ಟ. ಆದರೆ ಯಾವ ಹಡಗು ಯಾವ ಕಂಪನಿಯದು, ಎಲ್ಲಿಂದ ಎಲ್ಲಿಗೆ ಓಡುತ್ತಿತ್ತು, ಯಾವ ವರ್ಷ ಯಾವಾಗ ಹೊರಟಿತು ಅನ್ನುವುದನ್ನು ಇಷ್ಟು ಚೆನ್ನಾಗಿ ಜೋಡಿಸಿಟ್ಟವರು ಇನ್ನೆಲ್ಲೂ ನನಗೆ ಸಿಗಲಿಲ್ಲ. ಪೊಲೀಸ್ ಪುಸ್ತಕದ ಮೂಲ ಪುಟದಲ್ಲಿ ನಮ್ಮ ಅಜ್ಜನ ಸಾಲಿನ ಕೊನೆಗೆ ಟಿಕೆಟ್ ಕಂಪನಿಯ ಹೆಸರಿತ್ತು, ಅಲನ್ ಲೈನ್. ಅದನ್ನು ಓದಿದ ಮೇಲೆ ಎಲ್ಲ ಬಿಡಿಸಿಕೊಂಡಿತು. ಅಲನ್ ಲೈನ್‌ನ ಹಡಗುಗಳು ಲಿವರ್‌ಪೂಲ್‌ನಿಂದ ಹೆಚ್ಚಾಗಿ ಕೆನಡಾದ ಕ್ವಿಬೆಕ್‌ಗೆ ಹೋಗುತ್ತಿದ್ದವು. ಚಳಿಗಾಲದಲ್ಲಿ ಸೇಂಟ್ ಲಾರೆನ್ಸ್ ನದಿ ಹೆಪ್ಪುಗಟ್ಟಿದಾಗ ಬೇರೆ ಬಂದರು. ಅಜ್ಜ ಹೊರಟದ್ದು ಮೇ ತಿಂಗಳಲ್ಲಿ. ಅಂದರೆ ಅವರು ನ್ಯೂಯಾರ್ಕ್ ನೋಡಿರಲೇ ಇಲ್ಲ!

ಕ್ವಿಬೆಕ್‌ನ ಪ್ರಯಾಣಿಕರ ಪಟ್ಟಿಗಳು 1865ರಿಂದ ಉಳಿದಿವೆ, ಕೆನಡಾದ ರಾಷ್ಟ್ರೀಯ ಗ್ರಂಥಾಲಯ ಅವನ್ನು ಉಚಿತವಾಗಿ ಇಟ್ಟಿದೆ. ನಾರ್ವೆಯಲ್ಲಿ ಹೆಸರು ಬರೆಸಿದ ದಿನದಿಂದ ಎರಡು ಮೂರು ವಾರ ಮುಂದಕ್ಕೆ ಹೋಗಿ ಹುಡುಕಬೇಕು. ಇಂಗ್ಲಿಷ್ ಗುಮಾಸ್ತ ಕಿವಿಗೆ ಬಿದ್ದ ಹಾಗೆ ಬರೆದಿದ್ದಾನೆ, ಹೆಸರೊಂದನ್ನೇ ನಂಬಿದರೆ ಕೆಲಸ ಕೆಡುತ್ತದೆ. ನಾನು ಜೊತೆಗಾರರನ್ನು ಹಿಡಿದೆ. ಪೊಲೀಸ್ ಪುಸ್ತಕದಲ್ಲಿ ಅಜ್ಜನ ಮೇಲೆ ಕೆಳಗೆ ಅದೇ ಕಣಿವೆಯ ಒಂದು ಸಂಸಾರ ಇತ್ತು, ಗಂಡ, ಹೆಂಡತಿ, ಎರಡು ಮಕ್ಕಳು. ಅಲನ್ ಲೈನ್‌ನ ಪ್ಯಾರಿಸಿಯನ್ ಹಡಗಿನ ಪಟ್ಟಿಯಲ್ಲಿ ಅದೇ ವಯಸ್ಸಿನ ಅದೇ ನಾಲ್ವರು, ಅವರ ಕೆಳಗೆ 22 ವರ್ಷದ ಒಬ್ಬ ಹುಡುಗ. ಒಂಟಿ ಹೆಸರಿಗೆ ಸಾಕ್ಷಿ ಕಮ್ಮಿ. ಐದು ಜನ ಒಟ್ಟಿಗೆ ಸಿಕ್ಕರೆ ಧೈರ್ಯ ಬರುತ್ತದೆ ಅಲ್ವಾ? ಕೆನಡಾದಿಂದ ರೈಲಿನಲ್ಲಿ ಗಡಿ ದಾಟಿದ್ದಕ್ಕೆ ಮಾತ್ರ ಕಾಗದ ಇಲ್ಲ. ಅಮೆರಿಕ ಆ ಗಡಿಯಲ್ಲಿ ಬರೆದುಕೊಳ್ಳಲು ಶುರು ಮಾಡಿದ್ದು 1895ರಲ್ಲಿ.

ಮಿಕ್ಕವು ಬೇಗ ಹೇಳುತ್ತೇನೆ. ಫ್ಯಾಮಿಲಿಸರ್ಚ್ ಅನ್ನುವ ವಂಶಾವಳಿ ತಾಣ ಉಚಿತ, ಅಮೆರಿಕದ ಜನಗಣತಿಗೆ ಬಹಳ ಒಳ್ಳೆಯದು, ಕೆಲವು ಪುಟ ಮಾತ್ರ ಅವರ ಕೇಂದ್ರದಲ್ಲೇ ನೋಡಬೇಕು. ಎಲ್ಲಿಸ್ ಐಲೆಂಡ್ ಪ್ರತಿಷ್ಠಾನದ ತಾಣ ನ್ಯೂಯಾರ್ಕ್‌ಗೆ ಬಂದವರಿಗಷ್ಟೇ. ವಿಸ್ಕಾನ್ಸಿನ್‌ನ ಮ್ಯಾಡಿಸನ್‌ನಲ್ಲಿ ನಾರ್ವೆ ಮೂಲದವರ ವಂಶಾವಳಿಗೆಂದೇ ನೇಸೆತ್ ಗ್ರಂಥಾಲಯ ಇದೆ, ಕೈಬರಹ ಓದಲಾಗದೆ ಸಿಕ್ಕಿಹಾಕಿಕೊಂಡವರಿಗೆ ಅಲ್ಲಿಯ ಸಹಾಯಕ್ಕೆ ಕೊಡುವ ದುಡ್ಡು ಸಾರ್ಥಕ.

ದುಡ್ಡಿನ ತಾಣದಿಂದ ಉಪಯೋಗವೇ ಇಲ್ಲ ಅನ್ನಲಾರೆ. ಅಮೆರಿಕಕ್ಕೆ ಬಂದ ಮೇಲಿನ ಮದುವೆ, ಮರಣ, ಜಮೀನಿನ ದಾಖಲೆ ಒಂದೇ ಕಡೆ ಬೇಕಾದರೆ ಅದು ಅನುಕೂಲ. ದಿನಾ ಕೂತು ಹುಡುಕುವವರಿಗೆ ಚಂದಾ ಹೊರೆಯಾಗದೆ ಇರಬಹುದು. ನಾನು ಹುಡುಕುವುದು ರಾತ್ರಿ ಅಡುಗೆಮನೆ ಕೆಲಸ ಮುಗಿಸಿ ಅರ್ಧ ಗಂಟೆ, ಅದೂ ವಾರಕ್ಕೊಮ್ಮೆ. ಅಷ್ಟಕ್ಕೆ ವರ್ಷಕ್ಕೆ ನೂರಾರು ಡಾಲರ್ ಕೊಡಲು ಮನಸ್ಸಿಲ್ಲ. ಬೇಕೆನಿಸಿದರೆ ಇಲ್ಲಿಯ ಎಷ್ಟೋ ಸಾರ್ವಜನಿಕ ಗ್ರಂಥಾಲಯಗಳಲ್ಲಿ ಅಂಥ ತಾಣಗಳನ್ನು ಪುಕ್ಕಟೆ ನೋಡಬಹುದು.

ನಿಮ್ಮವರು ಸ್ಟಾವಾಂಗರ್‌ನಿಂದ ಹೊರಟವರಾದರೆ ದಾರಿ ಬೇರೆ. ಅಲ್ಲಿಯ ಪೊಲೀಸ್ ಪುಸ್ತಕ ಉಳಿದಿರುವುದು 1903ರಿಂದ ಈಚೆಗೆ. ಹಾಯಿ ಹಡಗಿನ ಕಾಲದವರಾದರೂ ಇದೇ ಕಥೆ. 1850ರ ನಂತರ ಅವರಲ್ಲಿ ಹೆಚ್ಚಿನವರು ಹೋದದ್ದು ಕ್ವಿಬೆಕ್‌ಗೆ, ಅಲ್ಲಿ 1865ಕ್ಕಿಂತ ಹಿಂದಿನ ಪಟ್ಟಿ ಇಲ್ಲ. ಆಗ ಊರಿನ ಚರ್ಚ್ ಪುಸ್ತಕದಲ್ಲಿ ಊರು ಬಿಟ್ಟವರ ಪಟ್ಟಿ ಅಂತ ಬೇರೆ ಪುಟಗಳಿರುತ್ತವೆ, ಅವನ್ನು ನೋಡಿ. ಡಿಜಿಟಲ್‌ಆರ್ಕಿವೆಟ್‌ನಲ್ಲೇ ಸಿಗುತ್ತವೆ. ಹೊರಡುವ ಮುಂಚೆ ಪಾದ್ರಿಯ ಹತ್ತಿರ ಚೀಟಿ ಪಡೆದ ದಿನಾಂಕ ಅಲ್ಲಿರುತ್ತದೆ, ಆ ದಿನಾಂಕ ಹಿಡಿದು ನಾರ್ವೆ ಹೆರಿಟೇಜ್‌ನಲ್ಲಿ ಆ ವರ್ಷ ಹೊರಟ ಹಡಗುಗಳನ್ನು ಒಂದೊಂದಾಗಿ ನೋಡಿಕೊಂಡು ಬನ್ನಿ.