ಪ್ಲಾಸ್ಟಿಕ್ ಪೈಪು, ಲೋಹದ ಬಾಕ್ಸು: ಅರ್ಥ್ ಕೊಡುವ ನಾಲ್ಕು ದಾರಿ ಮಾಡಿ ನೋಡಿದ್ದು

ಎರಡು ಮಳೆಗಾಲದ ಹಿಂದೆ ಅಮ್ಮ ಅಡುಗೆಮನೆಯ ಸ್ವಿಚ್ ಬೋರ್ಡ್ ಒರೆಸುತ್ತಿದ್ದವಳು ಥಟ್ಟನೆ ಕೈ ಎಳೆದುಕೊಂಡಳು. "ಸ್ಕ್ರೂ ಮುಟ್ಟಿದ್ರೆ ಜುಮ್ ಅನ್ನುತ್ತೆ ಕಣೋ" ಅಂದಳು. ಬೋರ್ಡಿನ ಮುಚ್ಚಳವಾದ ಹೈಲಂ ಶೀಟಿನ ಮೂಲೆಯಲ್ಲಿರುವ ಹಿತ್ತಾಳೆ ಸ್ಕ್ರೂ ಅದು. ಟೆಸ್ಟರ್ ಇಟ್ಟರೆ ದೀಪ ಹತ್ತಿತು.

ಮೇನ್ ಆಫ್ ಮಾಡಿ ಶೀಟ್ ಬಿಚ್ಚಿದೆ. ವೈರ್ ತರುವ ಪಿವಿಸಿ (ಪ್ಲಾಸ್ಟಿಕ್) ಪೈಪು, ಹಿಂದೆ ಗೋಡೆಯೊಳಗಿರುವ ಲೋಹದ ಬಾಕ್ಸಿನೊಳಕ್ಕೆ ಬಂದೇ ಇರಲಿಲ್ಲ, ಅರ್ಧ ಇಂಚು ಹಿಂದೆಯೇ ನಿಂತಿತ್ತು. ತೂತಿನ ಚೂಪು ಅಂಚಿಗೆ ಉಜ್ಜಿ ಉಜ್ಜಿ ಫೇಸ್ ವೈರಿನ ಸಿಪ್ಪೆ ಸುಲಿದು ತಾಮ್ರ ಕಾಣುತ್ತಿತ್ತು. ಅಮ್ಮನ ಕಾಲಲ್ಲಿ ರಬ್ಬರ್ ಚಪ್ಪಲಿ ಇತ್ತು, ಪುಣ್ಯ. ತಮಾಷೆ ಏನೆಂದರೆ ಸಾಕೆಟ್ಟಿಗೆ ಹಸಿರು ವೈರ್, ಅಂದರೆ ಸೋರಿದ ಕರೆಂಟನ್ನು ನೆಲಕ್ಕೆ ಒಯ್ಯುವ ಅರ್ಥ್, ನೀಟಾಗಿ ಕೊಟ್ಟಿದ್ದರು. ಬಾಕ್ಸಿಗೆ ಮಾತ್ರ ಕೊಟ್ಟಿರಲಿಲ್ಲ.

ಸಾಕೆಟ್ಟಿಗೆ ಅರ್ಥ್ ಕೊಟ್ಟರೆ ಬಾಕ್ಸಿಗೂ ಬಂದಂತೆಯೇ ಅಂತ ತುಂಬಾ ಜನ ನಂಬಿದ್ದಾರೆ. ನಾನೂ ನಂಬಿದ್ದೆ. ಆದರೆ ಈಗಿನ ಮಾಡ್ಯುಲರ್ ಸ್ವಿಚ್ಚುಗಳ ಫ್ರೇಮ್ ಸಾಮಾನ್ಯವಾಗಿ ಪ್ಲಾಸ್ಟಿಕ್ಕಿನದು. ಸಾಕೆಟ್ಟಿನ ಅರ್ಥ್ ಪಿನ್ನಿಗೂ ಹಿಂದಿನ ಬಾಕ್ಸಿಗೂ ಸಂಬಂಧವೇ ಇರುವುದಿಲ್ಲ. ಹಿಂದೆ ಕಬ್ಬಿಣದ ಪೈಪು ಹಾಕುವಾಗ ಈ ತಲೆನೋವು ಕಡಿಮೆ ಇತ್ತು. ಪೈಪೂ ಲೋಹ, ಬಾಕ್ಸೂ ಲೋಹ, ಪೈಪಿನ ಜೊತೆಗೇ ಒಂದು ಬರಿ ತಂತಿ ಓಡಿಸಿ ಕ್ಲಿಪ್ ಹಾಕುತ್ತಿದ್ದರು. ಪಿವಿಸಿ ಬಂದ ಮೇಲೆ ಬಾಕ್ಸು ಗೋಡೆಯೊಳಗೆ ಒಂಟಿಯಾಗಿ ಕೂತಿದೆ. ಅದಕ್ಕೆ ಬೇರೆಯಾಗಿಯೇ ಹಸಿರು ವೈರ್ ಕೊಡಬೇಕು. ಮುಟ್ಟಲು ಸಿಗುವ ಲೋಹವನ್ನೆಲ್ಲ ಅರ್ಥ್ ಮಾಡಬೇಕು ಅನ್ನುವುದು ಅರ್ಥಿಂಗಿಗಂತಲೇ ಇರುವ ಭಾರತೀಯ ಮಾನಕ ಐಎಸ್ 3043ರ ತಿರುಳೂ ಹೌದು.

ಹೇಗೂ ವೈರಿಂಗ್ ಹಳೆಯದು, ಪೂರ್ತಿ ಹೊಸದು ಮಾಡಿಸೋಣ ಅಂತಾಯಿತು. ಬೇರೆ ಬೇರೆ ಬಾಕ್ಸಿಗೆ ಬೇರೆ ಬೇರೆ ತರ ಮಾಡಿ ನೋಡಿದೆವು.

ಮೊದಲನೆಯದು ನಮ್ಮ ಎಲೆಕ್ಟ್ರಿಷಿಯನ್ನಿನ ಮಾಮೂಲಿ ದಾರಿ. ಫ್ರೇಮ್ ಕೂರಿಸುವ ಸ್ಕ್ರೂ ಇದೆಯಲ್ಲ, ಅದರಡಿಗೇ ಹಸಿರು ವೈರಿನ ತುದಿ ಸುತ್ತಿ ಬಿಗಿಯುವುದು. "ಬಾಕ್ಸಿಗೆ ತಾಗಿದ್ರೆ ಆಯ್ತಲ್ವಾ ಸಾರ್?" ಅಂದರು. ಒಂದು ನಿಮಿಷದ ಕೆಲಸ, ಖರ್ಚು ಸೊನ್ನೆ. ಎರಡನೆಯದು, ಬಾಕ್ಸಿನ ಬೆನ್ನಿಗೆ ತಾನೇ ಕೊರೆದುಕೊಂಡು ಹೋಗುವ ಸೆಲ್ಫ್ ಟ್ಯಾಪಿಂಗ್ ಸ್ಕ್ರೂ. ಮೂರನೆಯದು, ವೈರಿನ ತುದಿಗೆ ಉಂಗುರದ ಲಗ್ (ಬೋಲ್ಟ್ ತೂರುವ ತೂತಿರುವ ಲೋಹದ ತುಂಡು) ಒತ್ತಿ, ಹಲ್ಲಿನ ವಾಷರ್ ಹಾಕಿ, 4 ಎಂಎಂ ಬೋಲ್ಟಿನಲ್ಲಿ ಬಿಗಿಯುವುದು. ನಾಲ್ಕನೆಯದು ಬಾಕ್ಸನ್ನೇ ಪ್ಲಾಸ್ಟಿಕ್ ಮಾಡಿಬಿಡುವುದು.

ಮಲ್ಟಿಮೀಟರ್ ತಂದು ಮೇನ್ ಆಫ್ ಮಾಡಿ ಬಾಕ್ಸಿನಿಂದ ಡಿಬಿಯ (ಮನೆಯ ಫ್ಯೂಸು-ಎಂಸಿಬಿಗಳ ಪೆಟ್ಟಿಗೆ) ಅರ್ಥ್ ಪಟ್ಟಿಗೆ ಅಳೆದೆ. ಮೊದಲ ಮೂರರಲ್ಲೂ ಹೆಚ್ಚುಕಮ್ಮಿ ಒಂದೇ ಲೆಕ್ಕ, ಅರ್ಧ ಓಮ್‌ಗಿಂತ ಕಡಿಮೆ. ಅದರಲ್ಲೂ ಮೀಟರಿನ ವೈರಿನದ್ದೇ 0.2 ಇತ್ತು. ಎಲೆಕ್ಟ್ರಿಷಿಯನ್ ನನ್ನ ಮುಖ ನೋಡಿ ನಕ್ಕರು. ಮೀಟರಿಗೆ ತಾಮ್ರದ ಒಂದು ಎಳೆ ತಾಗಿದ್ದರೂ ಸಾಕು, ಪಾಸು. ಶಾರ್ಟ್ ಆದಾಗ ಹರಿಯುವ ಕರೆಂಟಿಗೆ ಆ ಒಂದು ಎಳೆ ಸಾಲದು.

ವ್ಯತ್ಯಾಸ ಗೊತ್ತಾಗಿದ್ದು ಮತ್ತೆ ಬಾಕ್ಸ್ ಬಿಚ್ಚಿದಾಗ. ಎರಡು ತಿಂಗಳಿಗೆ ಮಿಕ್ಸಿಯ ಸಾಕೆಟ್ ಬದಲಿಸಲು ಮೊದಲನೇ ನಮೂನೆಯ ಒಂದು ಬಾಕ್ಸ್ ತೆಗೆದೆ. ಫ್ರೇಮಿನ ಸ್ಕ್ರೂ ಸಡಿಲಿಸಿದ ಕೂಡಲೇ ಹಸಿರು ವೈರ್ ಜಾರಿ ಒಳಗೆ ಬಿತ್ತು. ತುದಿಯಲ್ಲಿ ಐದಾರು ಎಳೆ ಕತ್ತರಿಸಿಹೋಗಿತ್ತು. ನನಗೆ ಗೊತ್ತಿತ್ತು, ವಾಪಸ್ ಹಾಕಿದೆ. ಗೊತ್ತಿಲ್ಲದವರು ಅದನ್ನು ಅಲ್ಲೇ ಬಿಟ್ಟು ಪ್ಲೇಟ್ ಮುಚ್ಚುತ್ತಾರೆ. ಹೊರಗಿನಿಂದ ನೋಡಿದರೆ ಏನೂ ಕಾಣುವುದಿಲ್ಲ.

ಸೆಲ್ಫ್ ಟ್ಯಾಪಿಂಗ್ ಸ್ಕ್ರೂ ನನಗೆ ಒಂಚೂರೂ ಹಿಡಿಸಲಿಲ್ಲ. ಬಾಕ್ಸಿನ ತಗಡು ತೆಳ್ಳಗೆ, ಸ್ಕ್ರೂವಿನ ಮರೆ (ಸುರುಳಿ ಗೀರು) ಹಿಡಿಯುವುದೇ ಒಂದೋ ಎರಡೋ ಸುತ್ತು. ಎರಡನೇ ಸಲ ಬಿಗಿದಾಗ ಸುಮ್ನೆ ತಿರುಗತೊಡಗಿತು. ಸಾಲದ್ದಕ್ಕೆ ಅದರ ಚೂಪು ತುದಿ ಗೋಡೆಯೊಳಗೆ ಎಲ್ಲಿಗೆ ಹೋಗುತ್ತದೋ ದೇವರೇ ಬಲ್ಲ. ಹಿಂದೆ ಇನ್ನೊಂದು ಪೈಪ್ ಇದ್ದರೆ ಅದರ ವೈರಿಗೇ ಚುಚ್ಚಬಹುದು.

ಲಗ್ ಮತ್ತು ಬೋಲ್ಟಿನ ದಾರಿಗೆ ತಾಳ್ಮೆ ಬೇಕು. ಬಾಕ್ಸ್ ಗೋಡೆಗೆ ಕೂರುವ ಮೊದಲೇ ತೂತು ಕೊರೆದು ಹಿಂದಿನಿಂದ ನಟ್ ಹಾಕಿಟ್ಟರೆ ಸುಲಭ. ಗಾರೆ ಮೇಸ್ತ್ರಿ ಬಂದು ಹೋದ ಮೇಲಾದರೆ ಟ್ಯಾಪ್ ಅನ್ನುವ ಮರೆ ಕೊರೆಯುವ ಉಪಕರಣ ಹಾಕಿ ತೂತಿನೊಳಗೇ ಮರೆ ಕೊರೆಯಬೇಕು. ಒಂದೊಂದಕ್ಕೆ ಕಾಲು ಗಂಟೆ ಹಿಡಿಯಿತು. ಬಣ್ಣ ಬಳಿದ ಬಾಕ್ಸಾದರೆ ಲಗ್ ಕೂರುವಲ್ಲಿ ಬಣ್ಣ ಕೆರೆದು ಹೊಳೆಯುವ ಲೋಹ ಕಾಣಿಸಬೇಕು. ನಮ್ಮ ಮಲೆನಾಡಿನ ಥಂಡಿಗೆ ಬರಿ ತಾಮ್ರವನ್ನು ಜಿಐ (ಸತುವಿನ ಲೇಪವಿರುವ ಕಬ್ಬಿಣ) ಮೇಲೆ ಬಿಗಿದರೆ ಸತು ತಿನ್ನುತ್ತಾ ಹೋಗಿ ಬಿಳಿ ಪುಡಿ ಕಟ್ಟುತ್ತದೆ. ಅದಕ್ಕೇ ತವರದ ಲೇಪವಿರುವ ಲಗ್ ತೆಗೆದುಕೊಂಡೆ. ಬಾಕ್ಸಿಗೆ ಒಂದು ತುಂಡು, ಸಾಕೆಟ್ಟಿಗೆ ಇನ್ನೊಂದು ತುಂಡು, ಎರಡೂ ಬರುವ ಹಸಿರು ವೈರಿಗೆ ಕನೆಕ್ಟರಿನಲ್ಲಿ ಸೇರುವಂತೆ ಮಾಡಿದೆ. ಈಗ ಸಾಕೆಟ್ ಕಿತ್ತರೂ ಬಾಕ್ಸಿನ ಅರ್ಥ್ ಅಲ್ಲಾಡುವುದಿಲ್ಲ. ಮೊನ್ನೆ ಎರಡು ಬಿಚ್ಚಿ ಎಳೆದು ನೋಡಿದೆ, ಹಾಗೇ ಬಿಗಿಯಾಗಿತ್ತು.

ಪ್ಲಾಸ್ಟಿಕ್ ಬಾಕ್ಸ್ ಹಾಕಿದ್ದು ಬಚ್ಚಲುಮನೆಯ ಹೊರಗೋಡೆಗೆ ಮತ್ತು ಜಗಲಿಗೆ. ತುಕ್ಕಿಲ್ಲ, ಬಾಕ್ಸಿಗೆ ಅರ್ಥ್ ಚಿಂತೆಯಿಲ್ಲ. ಆದರೆ ಸಿಮೆಂಟ್ ತುಂಬುವಾಗ ಒಂದು ಒಳಕ್ಕೆ ಬಾಗಿ ಫ್ರೇಮ್ ಕೂರಲಿಲ್ಲ, ಒಡೆದು ಮತ್ತೆ ಹಾಕಿಸಬೇಕಾಯಿತು. ಗೀಸರಿನ 16 ಆಂಪ್ ಪಾಯಿಂಟಿನಲ್ಲಿ ಸ್ಕ್ರೂ ಕೂರುವ ಬಾಕ್ಸಿನ ಕಿವಿ ವರ್ಷದೊಳಗೆ ಸಡಿಲವಾಗಿ, ಪ್ಲಗ್ ಎಳೆದರೆ ಪ್ಲೇಟೇ ಕೈಗೆ ಬರುವ ಹಾಗಾಯಿತು. ಇನ್ನೊಂದು ಮಾತು: ಬಾಕ್ಸ್ ಪ್ಲಾಸ್ಟಿಕ್ ಅಂತ ಹಸಿರು ವೈರ್ ಎಳೆಯದೇ ಬಿಡುವವರಿದ್ದಾರೆ. ಮೂರನೇ ಪಿನ್ನಿಗೆ ಅದು ಬೇಕೇ ಬೇಕು.

"30 ಮಿಲಿಆಂಪಿನ ಆರ್‌ಸಿಸಿಬಿ ಇದೆಯಲ್ಲ, ಇಷ್ಟೆಲ್ಲ ಯಾಕೆ?" ಅಂತ ಭಾವ ಕೇಳಿದರು. ಆರ್‌ಸಿಸಿಬಿ ಅಂದರೆ ಕರೆಂಟ್ ಸೋರಿದರೆ ತಾನೇ ಬಿದ್ದು ಲೈನ್ ಕಡಿಯುವ ಸ್ವಿಚ್. ಅರ್ಥ್ ಇದ್ದರೆ ವೈರ್ ಬಾಕ್ಸಿಗೆ ತಾಗಿದ ಕ್ಷಣವೇ ಅದು ಬೀಳುತ್ತದೆ. ಇಲ್ಲದಿದ್ದರೆ ಯಾರಾದರೂ ಮುಟ್ಟಿ, ಕರೆಂಟ್ ಅವರ ಮೈಯಲ್ಲಿ ಹರಿದ ಮೇಲೆಯೇ ಬೀಳುವುದು.

ಹಾಗಾಗಿ ನೀರು ಬೀಳುವ ಜಾಗದ ಸಣ್ಣ ಪಾಯಿಂಟಿಗೆ ಪ್ಲಾಸ್ಟಿಕ್, ಉಳಿದ ಕಡೆ ಲೋಹದ ಬಾಕ್ಸಿಗೆ ಲಗ್ ಮತ್ತು ಬೋಲ್ಟ್. ಮೊದಲನೇ ನಮೂನೆಯವನ್ನೆಲ್ಲ ಬಿಚ್ಚಿ ಬದಲಿಸಿದೆ. ಪೈಪು ಸೇರುವ ತೂತಿಗೆಲ್ಲ, ಚೂಪು ಅಂಚು ವೈರಿಗೆ ತಾಗದ ಹಾಗೆ, ಬುಷ್ ಹಾಕಿಸಿದೆ. ಚಾವಡಿಯ ಫ್ಯಾನ್ ಬಾಕ್ಸ್ ಒಂದು ಬಾಕಿ. ಕಬ್ಬಿಣದ್ದು, ಸ್ಲ್ಯಾಬಿನೊಳಗಿದೆ, ಅಲ್ಲಿಗೆ ಬಂದಿರುವುದು ಎರಡೇ ವೈರ್. ಮೂರನೆಯದನ್ನು ಎಳೆಯಲು ವೈರ್ ಎಳೆಯುವ ಸ್ಪ್ರಿಂಗನ್ನು ಪೈಪಿನೊಳಗೆ ತೂರಿಸಿದರೆ ಬೆಂಡಿನಲ್ಲಿ ಸಿಕ್ಕಿ ನಿಲ್ಲುತ್ತದೆ. ಎಲೆಕ್ಟ್ರಿಷಿಯನ್ ಮಳೆ ಬಿಡಲಿ ಅಂದಿದ್ದಾರೆ.